ಅವಳಿ ಲೋಹಗಳನ್ನು ಬೇರೆ ಮಾಡುವುದು: ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಹಳೇ ಬ್ಯಾಟರಿ ಕೆಲಸ ಮಾಡುವವರು, ಮಲ್ಲೇಶ್ವರಂ, ಜಯನಗರದ ಕಾಲೇಜುಗಳ ಎಂಎಸ್ಸಿ ಹುಡುಗ ಹುಡುಗಿಯರು, ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳ ಇಂಜಿನಿಯರುಗಳು, ಮಕ್ಕಳ ಪಿಯುಸಿ ಪುಸ್ತಕ ತಿರುವಿ ಕುತೂಹಲ ಹುಟ್ಟಿದ ಅಪ್ಪ ಅಮ್ಮಂದಿರು, ಹೀಗೆ ಹಲವರು ಮಾತಿನಲ್ಲಿ, ಕಾಗದದಲ್ಲಿ, ಮೆಸೇಜಿನಲ್ಲಿ ಅವಳಿ ಲೋಹಗಳ ಬಗ್ಗೆ, ಅಂದರೆ ಗುಣದಲ್ಲಿ ಬಹುತೇಕ ಒಂದೇ ಥರ ಇರುವ ಲೋಹಗಳನ್ನು ಬೇರೆ ಮಾಡುವ ಬಗ್ಗೆ, ಕೇಳಿದ ಪ್ರಶ್ನೆಗಳಿವು. ಎಲ್ಲಕ್ಕಿಂತ ಜಾಸ್ತಿ ಬರುವುದು "ಯಾವ ಕೆಮಿಕಲ್ ಹಾಕಬೇಕು?" ಎಂಬ ಪ್ರಶ್ನೆ. ಅದಕ್ಕೂ ಉತ್ತರ ಇದೆ. ಆದರೆ ಎಷ್ಟು ಹಂತ ಬೇಕು, ನಡುವೆ ಹೇಗೆ ತೊಳೆಯಬೇಕು, ಆಮ್ಲವನ್ನು ಹೇಗೆ ಹಿಡಿತದಲ್ಲಿಡಬೇಕು ಎಂದು ಕೇಳುವವರು ತೀರಾ ಕಮ್ಮಿ. ಲೋಹ ಬೇರೆಯಾಗುವುದು ಅಲ್ಲಿಯೇ.

## ಬುಡದಿಂದ

ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಅಂದ್ರೆ ಏನು? ಕೆಮಿಸ್ಟ್ರಿ ಮರೆತವರಿಗೂ ಅರ್ಥ ಆಗೋ ಹಾಗೆ ಹೇಳಿ.

ಲೋಹದ ಲವಣ ಕರಗಿದ ನೀರು ಒಂದು ಕಡೆ. ನೀರಿನ ಜೊತೆ ಬೆರೆಯದ ಎಣ್ಣೆಯಂಥ ದ್ರವ ಇನ್ನೊಂದು ಕಡೆ. ಎರಡನ್ನೂ ಚೆನ್ನಾಗಿ ಕಲಕಿ, ಆಮೇಲೆ ಸುಮ್ನೆ ಬಿಡಿ. ಎಣ್ಣೆ ಮೇಲೆ ಬರುತ್ತದೆ, ನೀರು ಕೆಳಗೆ ನಿಲ್ಲುತ್ತದೆ. ಕಲಕಿದ ಹೊತ್ತಿನಲ್ಲಿ ಒಂದಷ್ಟು ಲೋಹ ನೀರಿನಿಂದ ಎಣ್ಣೆಗೆ ದಾಟಿರುತ್ತದೆ. ಎಲ್ಲ ಲೋಹವೂ ಒಂದೇ ಪ್ರಮಾಣದಲ್ಲಿ ದಾಟುವುದಿಲ್ಲ, ಒಂದು ಸ್ವಲ್ಪ ಹೆಚ್ಚು, ಇನ್ನೊಂದು ಸ್ವಲ್ಪ ಕಮ್ಮಿ. ಆ ವ್ಯತ್ಯಾಸವನ್ನೇ ಹಿಡಿದು ಎಳೆಯುವುದು ಈ ವಿದ್ಯೆ.

ಕೆಲಸದವರ ಮಾತಿನಲ್ಲಿ ಮೇಲಿನದು ಆರ್ಗ್ಯಾನಿಕ್, ಕೆಳಗಿನದು ಆಕ್ವಿಯಸ್. ಲೋಹ ಕಳೆದುಕೊಂಡು ಹೊರಬರುವ ನೀರಿಗೆ ರಾಫಿನೇಟ್ ಅನ್ನುತ್ತಾರೆ.

ಲೋಹ ಎಲ್ಲಾದರೂ ಸೀಮೆಎಣ್ಣೆಯಲ್ಲಿ ಕರಗುತ್ತಾ?

ತಾನಾಗಿ ಕರಗುವುದಿಲ್ಲ. ನೀರಿನಲ್ಲಿರುವ ಲೋಹದ ಅಯಾನಿಗೆ ವಿದ್ಯುದಾವೇಶ ಇರುತ್ತದೆ, ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಎಣ್ಣೆಗೆ ಅಂಥದ್ದು ಬೇಡ. ಅದಕ್ಕೇ ಎಣ್ಣೆಯಲ್ಲಿ ಎಕ್ಸ್‌ಟ್ರಾಕ್ಟಂಟ್ ಎಂಬ ವಸ್ತುವನ್ನು ಬೆರೆಸುತ್ತೇವೆ. ಅದರ ಒಂದು ತುದಿ ಲೋಹವನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಉದ್ದನೆಯ ಕಾರ್ಬನ್ ಬಾಲ ಇದ್ದು ಅದು ಎಣ್ಣೆಯಲ್ಲಿ ಆರಾಮಾಗಿ ಇರುತ್ತದೆ. ಇಂಥ ಅಣುಗಳು ಹಲವಾರು ಸೇರಿ ಲೋಹವನ್ನು ಸುತ್ತುವರಿದಾಗ ಅದರ ಆವೇಶ ಹೊರಗೆ ಕಾಣುವುದಿಲ್ಲ, ಆಗ ಅದು ಎಣ್ಣೆಗೆ ಬರುತ್ತದೆ. ಸೀಮೆಎಣ್ಣೆ ಬರೀ ತೆಳುಗೊಳಿಸುವ ದ್ರವ. ಎಕ್ಸ್‌ಟ್ರಾಕ್ಟಂಟ್ ಒಂದನ್ನೇ ಬಳಸಿದರೆ ಗಟ್ಟಿಯಾಗಿ, ಅಂಟಂಟಾಗಿ ಪದರ ಬೇರೆಯಾಗಲು ತುಂಬಾ ಹೊತ್ತು ಬೇಕಾಗುತ್ತದೆ.

ಎರಡು ಲೋಹ ಅಷ್ಟೊಂದು ಒಂದೇ ಥರ ಇದ್ರೆ ಬೇರೆ ಮಾಡೋದು ಯಾಕೆ? ಒಟ್ಟಿಗೇ ಬಳಸಬಾರದಾ?

ಕೆಲವು ಸಲ ಒಟ್ಟಿಗೇ ಬಳಸುತ್ತಾರೆ. ಸ್ಕೂಟರ್ ಮೋಟರಿನ ಮ್ಯಾಗ್ನೆಟ್ ಮಾಡುವವರು ನಿಯೋಡಿಮಿಯಂ, ಪ್ರೆಸಿಯೋಡಿಮಿಯಂ ಎರಡನ್ನೂ ಬೆರಕೆಯಾಗಿಯೇ ಕೊಳ್ಳುವುದುಂಟು, ಏಕೆಂದರೆ ಮ್ಯಾಗ್ನೆಟ್ಟಿಗೆ ಅದು ಸಾಕು. ಬೇಡದ ಕಡೆ ಬೇರೆ ಮಾಡುವುದು ದುಡ್ಡು ದಂಡ.

ಆದರೆ ಜಿರ್ಕೋನಿಯಂ, ಹಾಫ್ನಿಯಂ ಜೋಡಿ ನೋಡಿ. ಕೆಮಿಸ್ಟ್ರಿಯಲ್ಲಿ ಇವೆರಡು ಅವಳಿಗಳು, ಪರಮಾಣು ರಿಯಾಕ್ಟರಿನಲ್ಲಿ ಮಾತ್ರ ಪೂರ್ತಿ ವಿರುದ್ಧ. ಜಿರ್ಕೋನಿಯಂ ನ್ಯೂಟ್ರಾನುಗಳನ್ನು ತಡೆಯದೆ ಬಿಡುತ್ತದೆ, ಹಾಗಾಗಿ ಇಂಧನದ ಕೊಳವೆಗೆ ಅದೇ ಬೇಕು. ಹಾಫ್ನಿಯಂ ಅದಕ್ಕಿಂತ ಸುಮಾರು 600 ಪಟ್ಟು ಹೆಚ್ಚು ನ್ಯೂಟ್ರಾನು ನುಂಗುತ್ತದೆ. ಮರಳಿನಲ್ಲಿ ಸಿಗುವ ಜಿರ್ಕಾನಿನಲ್ಲಿ ಜಿರ್ಕೋನಿಯಂ ಜೊತೆ ಶೇ. 2ರ ಆಸುಪಾಸು ಹಾಫ್ನಿಯಂ ಇದ್ದೇ ಇರುತ್ತದೆ. ಅದನ್ನು ಹತ್ತು ಲಕ್ಷಕ್ಕೆ 100 ಭಾಗಕ್ಕಿಂತ ಕೆಳಗೆ ಇಳಿಸಬೇಕು. ನಮ್ಮ ಕೈಗಾದ ರಿಯಾಕ್ಟರುಗಳಿಗೆ ಬರುವ ಇಂಧನದ ಕೊಳವೆಗಳು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ ತಯಾರಾಗುತ್ತವೆ, ಅಲ್ಲಿ ಈ ಬೇರ್ಪಡಿಸುವ ಕೆಲಸ ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ನಿನಿಂದಲೇ ನಡೆಯುತ್ತದೆ. ಬೆಂಗಳೂರಿನ ಮನೆಗೆ ಬರುವ ಕರೆಂಟಿನಲ್ಲಿ ಕೈಗಾದ ಪಾಲೂ ಇದೆ ಅಲ್ವಾ, ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ.

ಇವು ಒಂದೇ ಥರ ಇರೋದಕ್ಕೆ ಕಾರಣ ಏನು?

ಹೊರಗಿನ ಎಲೆಕ್ಟ್ರಾನು ಒಂದೇ ರೀತಿ ಇರುವುದು, ಅಯಾನಿನ ಗಾತ್ರ ಬಹುತೇಕ ಒಂದೇ ಇರುವುದು, ಎರಡೂ ಸೇರಿ. ಲ್ಯಾಂಥನಮ್ಮಿನಿಂದ ಲುಟೀಷಿಯಮ್ಮಿನ ತನಕ ಒಂದೊಂದೇ ಎಲೆಕ್ಟ್ರಾನು ಒಳಗಿನ ಎಫ್ ಕಕ್ಷೆಗೆ ಸೇರುತ್ತಾ ಹೋಗುತ್ತದೆ. ಒಳಗಿರುವುದರಿಂದ ಅದು ಬಂಧದಲ್ಲಿ ಅಷ್ಟಾಗಿ ಭಾಗವಹಿಸುವುದಿಲ್ಲ. ಸಾಮಾನ್ಯವಾಗಿ ಎಲ್ಲವೂ +3 ಆಗಿಯೇ ನಿಲ್ಲುತ್ತವೆ. ಆದರೆ ಪ್ರತಿ ಹೆಜ್ಜೆಗೆ ನ್ಯೂಕ್ಲಿಯಸ್ಸಿನ ಎಳೆತ ಸ್ವಲ್ಪ ಜಾಸ್ತಿಯಾಗಿ ಅಯಾನು ಕುಗ್ಗುತ್ತದೆ. ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 1.03 ಆಂಗ್‌ಸ್ಟ್ರಾಂ, ಲುಟೀಷಿಯಮ್ಮಿನದು 0.86. ಹದಿನಾಲ್ಕು ಹೆಜ್ಜೆಗೆ ಇಷ್ಟೇ ಇಳಿತ. ಅಕ್ಕಪಕ್ಕದ ಎರಡಕ್ಕೆ ನೂರರಲ್ಲಿ ಒಂದೋ ಎರಡೋ ಭಾಗದ ವ್ಯತ್ಯಾಸ.

ಈ ಕುಗ್ಗುವಿಕೆಯ ಪರಿಣಾಮ ಲ್ಯಾಂಥನೈಡುಗಳು, ಅಂದರೆ ಈ ಸಾಲಿನ ಲೋಹಗಳು, ಮುಗಿದ ಮೇಲೂ ಕಾಣುತ್ತದೆ. ಅವುಗಳ ನಂತರ ಬರುವ ಹಾಫ್ನಿಯಂ ಒಂದು ಸಾಲು ಕೆಳಗಿದ್ದರೂ ಕುಗ್ಗಿ ಜಿರ್ಕೋನಿಯಮ್ಮಿನ ಅಳತೆಗೇ ಬಂದು ನಿಲ್ಲುತ್ತದೆ, 0.72 ಮತ್ತು 0.71 ಆಂಗ್‌ಸ್ಟ್ರಾಂ. ಇಷ್ಟು ಹೋಲಿಕೆ ಇದ್ದದ್ದರಿಂದಲೇ ಹಾಫ್ನಿಯಂ 1923ರವರೆಗೂ ಜಿರ್ಕೋನಿಯಮ್ಮಿನೊಳಗೆ ಯಾರ ಕಣ್ಣಿಗೂ ಬೀಳದೆ ಇತ್ತು. ಕೋಪನ್‌ಹೇಗನ್ನಿನಲ್ಲಿ ಕಾಸ್ಟರ್ ಮತ್ತು ಹೆವೆಶಿ ಅದನ್ನು ಎಕ್ಸ್‌-ರೇ ಬೆಳಕಿನಿಂದ ಗುರುತಿಸಿದರು. ರಾಸಾಯನಿಕ ಪರೀಕ್ಷೆಗಳಿಂದ ಅದು ಆಗಿರಲಿಲ್ಲ.

ಈ ವಿಧಾನ ಬರೋ ಮುಂಚೆ ಹೇಗೆ ಮಾಡ್ತಿದ್ರು?

ಹರಳುಗಟ್ಟಿಸಿ. ಲವಣವನ್ನು ಕರಗಿಸುವುದು, ಆರಿಸುವುದು, ಮೊದಲು ಬಂದ ಹರಳು ಒಂದು ಕಡೆ, ಉಳಿದ ದ್ರಾವಣ ಒಂದು ಕಡೆ, ಮತ್ತೆ ಕರಗಿಸುವುದು. 1841ರಲ್ಲಿ ಮೊಸಾಂಡರ್ ಡಿಡಿಮಿಯಂ ಎಂಬ ಹೊಸ ಧಾತು ಸಿಕ್ಕಿತು ಎಂದರು. 1885ರಲ್ಲಿ ಆಯರ್ ಫಾನ್ ವೆಲ್ಸ್‌ಬಾಕ್ ಅದನ್ನೇ ಹೀಗೆ ಮತ್ತೆ ಮತ್ತೆ ಹರಳುಗಟ್ಟಿಸಿ ಎರಡಾಗಿ ಒಡೆದರು, ಒಂದು ಹಸಿರು, ಒಂದು ನಸುಗೆಂಪು. ಅವೇ ಪ್ರೆಸಿಯೋಡಿಮಿಯಂ ಮತ್ತು ನಿಯೋಡಿಮಿಯಂ. ಅಮೆರಿಕದ ಚಾರ್ಲ್ಸ್ ಜೇಮ್ಸ್ ಶುದ್ಧ ತೂಲಿಯಮ್ಮಿಗಾಗಿ ಸುಮಾರು 15,000 ಸಲ ಹರಳುಗಟ್ಟಿಸಿದರು. ಆ ತಾಳ್ಮೆ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಆಮೇಲೆ 1940ರ ದಶಕದಲ್ಲಿ ಅಯಾನು ವಿನಿಮಯದ ರಾಳ ಬಂತು, ಅದು ತುಂಬಾ ಶುದ್ಧ ಲೋಹ ಕೊಡುತ್ತದೆ, ಆದರೆ ನಿಧಾನ. ಟನ್ನುಗಟ್ಟಲೆ ಬೇಕಾದಾಗ ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಮುಂದೆ ಬಂತು.

## ಲೆಕ್ಕದ ಪ್ರಶ್ನೆಗಳು

ವ್ಯತ್ಯಾಸ ಇಷ್ಟು ಚಿಕ್ಕದು, ಮತ್ತೆ 99.9 ಶುದ್ಧ ಹೇಗೆ ಬರುತ್ತೆ?

ಇದನ್ನು ನಿಧಾನವಾಗಿ ನೋಡಬೇಕು.

ಆರ್ಗ್ಯಾನಿಕ್‌ನಲ್ಲಿ ಲೋಹ ಎಷ್ಟಿದೆ, ನೀರಿನಲ್ಲಿ ಎಷ್ಟಿದೆ, ಆ ಅನುಪಾತಕ್ಕೆ ಡಿ ಎನ್ನುತ್ತೇವೆ. ಎರಡು ಲೋಹಗಳ ಡಿ ಬೆಲೆಗಳನ್ನು ಭಾಗಿಸಿದರೆ ಬರುವುದು ಬೇರ್ಪಡಿಕೆಯ ಅಂಶ, ಅಂದರೆ ಬೀಟಾ. ಬೀಟಾ 1 ಆದರೆ ಏನೂ ಬೇರೆಯಾಗದು. ನಿಯೋಡಿಮಿಯಂ ಪ್ರೆಸಿಯೋಡಿಮಿಯಂ ಜೋಡಿಗೆ ಸಾಮಾನ್ಯವಾಗಿ ಬಳಸುವ ಆಮ್ಲೀಯ ರಂಜಕದ ಎಕ್ಸ್‌ಟ್ರಾಕ್ಟಂಟುಗಳಲ್ಲಿ ಬೀಟಾ ಸುಮಾರು 1.5 ಅಷ್ಟೇ.

ಈಗ ಎರಡೂ ಸಮಪಾಲಿನಲ್ಲಿರುವ ನೀರನ್ನು ಅಷ್ಟೇ ಪ್ರಮಾಣದ ಆರ್ಗ್ಯಾನಿಕ್ ಜೊತೆ ಒಂದು ಸಲ ಕಲಕಿ. ಒಂದರ ಡಿ 1.22, ಇನ್ನೊಂದರದು 0.82 ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಶೇ. 55 ಮೇಲಕ್ಕೆ ಹೋಗುತ್ತದೆ, ಎರಡನೆಯದರಲ್ಲಿ ಶೇ. 45. ಅಂದರೆ 50-50 ಇದ್ದದ್ದು 55-45 ಆಯಿತು. ನೋಡಿದರೆ ಬೇಸರವಾಗುತ್ತದೆ. ಆದರೆ ಆ ಮೇಲಿನ ಪದರವನ್ನು ಮತ್ತೆ, ಮತ್ತೆ, ಸಾಲಾಗಿ ನಿಲ್ಲಿಸಿದ ಪೆಟ್ಟಿಗೆಗಳಲ್ಲಿ ಎದುರು ಬದಿಯಿಂದ ಬರುವ ನೀರಿನ ಜೊತೆ ಕಲಕುತ್ತಾ ಹೋದರೆ ಪ್ರತಿ ಹಂತದಲ್ಲೂ ಅದೇ 1.5 ಗುಣಿಸುತ್ತಾ ಹೋಗುತ್ತದೆ. ಮೊರದಲ್ಲಿ ಕಾಳು ಕೇರುವ ಹಾಗೆ, ಒಂದು ಸಲಕ್ಕೆ ಹೊಟ್ಟು ಪೂರ್ತಿ ಹೋಗದು, ಕೇರುತ್ತಲೇ ಇರಬೇಕು.

ಎರಡೂ ತುದಿಯಲ್ಲಿ 99.9 ಶುದ್ಧತೆ ಬೇಕು ಅಂದರೆ ಬೀಟಾ 1.5 ಇರುವಾಗ ಕನಿಷ್ಠ 34 ಹಂತ ಬೇಕು. ಇದು ಕಾಗದದ ಮೇಲಿನ ಲೆಕ್ಕ, ಹೊರಗೆ ಏನೂ ತೆಗೆಯದೆ ಬರೀ ಸುತ್ತಿಸುತ್ತಿದ್ದರೆ. ಮಾಲು ಹೊರಗೆ ಬರಬೇಕು ಅಂದರೆ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಹಂತ ಬೇಕಾಗುತ್ತದೆ. ಬೀಟಾ 2.5 ಆದರೆ ಕನಿಷ್ಠ 15 ಸಾಕು. ನೋಡಿ, ಬೀಟಾ ಸ್ವಲ್ಪ ಏರಿದರೂ ಕಟ್ಟಡ ಅರ್ಧಕ್ಕೆ ಇಳಿಯುತ್ತದೆ. 1970ರ ದಶಕದಲ್ಲಿ ಚೀನಾದ ಶೂ ಗ್ವಾಂಗ್‌ಶಿಯಾನ್ ಇಂಥ ಸಾಲುಗಳ ಲೆಕ್ಕವನ್ನು ವ್ಯವಸ್ಥಿತವಾಗಿ ಕಟ್ಟಿಕೊಟ್ಟರು. ಆ ದೇಶ ಲ್ಯಾಂಥನೈಡುಗಳು, ಇಟ್ರಿಯಂ ಸೇರಿದ ರೇರ್ ಅರ್ತ್‌ನಲ್ಲಿ ಮುಂದೆ ಹೋಗಿದ್ದಕ್ಕೆ ಗಣಿ ಎಷ್ಟು ಕಾರಣವೋ ಈ ಲೆಕ್ಕವೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಅಷ್ಟೆಲ್ಲ ಹಂತ ಯಾಕೆ, ಒಂದೇ ಸಲ ಜಾಸ್ತಿ ಸಾಲ್ವೆಂಟ್ ಹಾಕಿಬಿಟ್ರೆ?

ಲೋಹ ಹೊರಗೆ ತೆಗೆಯುವುದಷ್ಟೇ ಗುರಿಯಾದರೂ ಇದು ನಷ್ಟ. ಡಿ 4 ಇದೆ, 100 ಮಿಲಿ ನೀರು, 100 ಮಿಲಿ ಆರ್ಗ್ಯಾನಿಕ್. ಒಂದೇ ಸಲ ಹಾಕಿದರೆ ಶೇ. 80 ಬರುತ್ತದೆ. ಅದೇ ಆರ್ಗ್ಯಾನಿಕ್ಕನ್ನು 50 ಮಿಲಿಯಂತೆ ಎರಡು ಸಲ ಹಾಕಿದರೆ ಶೇ. 89, 25ರಂತೆ ನಾಲ್ಕು ಸಲ ಹಾಕಿದರೆ ಶೇ. 94ರ ಹತ್ತಿರ.

ಅವಳಿ ಲೋಹಗಳ ವಿಷಯದಲ್ಲಿ ಇನ್ನೂ ಕೆಟ್ಟದು. ಸಾಲ್ವೆಂಟ್ ಜಾಸ್ತಿ ಇದ್ದರೆ ಅದಕ್ಕೆ ಖಾಲಿ ಜಾಗ ಬೇಕಾದಷ್ಟು ಇರುತ್ತದೆ, ಬೇಕಾದ್ದು ಬೇಡದ್ದು ಎರಡನ್ನೂ ಎಳೆದುಕೊಳ್ಳುತ್ತದೆ. ಜಾಗ ಬಿಗಿಯಾಗಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳುವ ಲೋಹ ಇನ್ನೊಂದನ್ನು ಹೊರಗೆ ತಳ್ಳುತ್ತದೆ. ಆ ಪೈಪೋಟಿ ನಮಗೆ ಬೇಕು. ಹಾಗಾಗಿ ಆರ್ಗ್ಯಾನಿಕ್ಕನ್ನು ಚೆನ್ನಾಗಿ ತುಂಬಿಸಿಯೇ ನಡೆಸುವುದು ವಾಡಿಕೆ.

ಪಿಎಚ್ ಬಗ್ಗೆ ಯಾಕೆ ಅಷ್ಟು ತಲೆ ಕೆಡಿಸ್ಕೋತಾರೆ? ಸುಮಾರಾಗಿ ಇದ್ರೆ ಸಾಲ್ದಾ?

ಸಾಲದು. ಡಿ2ಇಎಚ್‌ಪಿಎಯಂಥ ಆಮ್ಲೀಯ ಎಕ್ಸ್‌ಟ್ರಾಕ್ಟಂಟ್ ಒಂದು +3 ಲೋಹವನ್ನು ತೆಗೆದುಕೊಂಡು ಮೂರು ಹೈಡ್ರೋಜನ್ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಅದರ ಅರ್ಥ ಡಿ ಬೆಲೆ ಹೈಡ್ರೋಜನ್ ಅಯಾನಿನ ಮೂರನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಪಿಎಚ್ 1 ಏರಿದರೆ ಡಿ ಸಾವಿರ ಪಟ್ಟು. ಬರೀ 0.1 ಏರಿದರೂ ಎರಡು ಪಟ್ಟು! ಮೇಲಿನ ಉದಾಹರಣೆಯ 1.22 ಹೋಗಿ 2.44 ಆಯಿತು ಅಂದರೆ ಎರಡೂ ಲೋಹ ಮೇಲಕ್ಕೆ ಓಡುತ್ತವೆ.

ಇನ್ನೊಂದು ತೊಡಕು ಇದೆ. ಲೋಹ ದಾಟಿದಂತೆಲ್ಲ ಆಮ್ಲ ಹೆಚ್ಚುತ್ತಾ ಹೋಗಿ ಎಕ್ಸ್‌ಟ್ರಾಕ್ಷನ್ ತಾನೇ ನಿಂತುಬಿಡುತ್ತದೆ. ಅದಕ್ಕೆ ಎಕ್ಸ್‌ಟ್ರಾಕ್ಟಂಟನ್ನು ಮೊದಲೇ ಸ್ವಲ್ಪ ಮಟ್ಟಿಗೆ ಅಮೋನಿಯಾ ಅಥವಾ ಕಾಸ್ಟಿಕ್ ಸೋಡಾದ ಜೊತೆ ಕಲಸಿ ಅದರ ಹೈಡ್ರೋಜನ್ ತೆಗೆದಿರುತ್ತಾರೆ. ಇದಕ್ಕೆ ಸಪೋನಿಫಿಕೇಶನ್ ಅನ್ನುತ್ತಾರೆ. ಎಷ್ಟು ಭಾಗ ಸಪೋನಿಫೈ ಮಾಡಿದ್ದೀರಿ ಎಂಬುದೇ ಪ್ಲಾಂಟಿನಲ್ಲಿ ನಿಜವಾದ ಪಿಎಚ್ ತಿರುಗಣೆ.

ಸ್ಕ್ರಬ್ಬಿಂಗ್, ಸ್ಟ್ರಿಪ್ಪಿಂಗ್ ಎರಡೂ ಒಂದೇ ಅಲ್ವಾ?

ಅಲ್ಲ. ಸ್ಟ್ರಿಪ್ಪಿಂಗ್ ಅಂದರೆ ಆರ್ಗ್ಯಾನಿಕ್‌ನಲ್ಲಿರುವ ಲೋಹವನ್ನು ಜೋರಾದ ಆಮ್ಲದಿಂದ ಪೂರ್ತಿಯಾಗಿ ನೀರಿಗೆ ವಾಪಸ್ ಇಳಿಸುವುದು. ಆಮೇಲೆ ಖಾಲಿ ಆರ್ಗ್ಯಾನಿಕ್ ಮತ್ತೆ ಮೊದಲಿಗೆ ಹೋಗುತ್ತದೆ. ಸ್ಕ್ರಬ್ಬಿಂಗ್ ನಡುವಿನ ಕೆಲಸ. ಬೇಕಾದ ಲೋಹದ ಜೊತೆ ಜಾರಿಕೊಂಡು ಬಂದ ಬೇಡದ ಲೋಹವನ್ನು ಮಾತ್ರ ತೊಳೆದು ಹಿಂದಕ್ಕೆ ಕಳಿಸುವುದು. ತೊಳೆಯಲು ತೆಳು ಆಮ್ಲ ಬಳಸಬಹುದು. ಇನ್ನೂ ಒಳ್ಳೆಯದು, ಸ್ಟ್ರಿಪ್ ಮಾಡಿ ಬಂದ ಶುದ್ಧ ಲೋಹದ ದ್ರಾವಣದಲ್ಲೇ ಒಂದು ಪಾಲನ್ನು ವಾಪಸ್ ತಂದು ತೊಳೆಯುವುದು. ಶುದ್ಧ ಲೋಹ ಆರ್ಗ್ಯಾನಿಕ್ ಒಳಗೆ ಹೋಗಿ ಕಲ್ಮಷವನ್ನು ಹೊರಗೆ ತಳ್ಳುತ್ತದೆ.

ಕೈಗೆ ಬಂದ ಒಳ್ಳೆ ಮಾಲನ್ನು ವಾಪಸ್ ಒಳಗೆ ಕಳಿಸುವುದು ಅಂದರೆ ಮಾಲೀಕರಿಗೆ ಸಂಕಟ. ಎಷ್ಟೋ ಸಣ್ಣ ಘಟಕಗಳಲ್ಲಿ ಸ್ಕ್ರಬ್ ಹಂತಗಳನ್ನು ಮೊದಲು ಕಡಿಮೆ ಮಾಡುತ್ತಾರೆ. ಆದರೆ ಆರ್ಗ್ಯಾನಿಕ್ ಕಡೆಯಿಂದ ಬರುವ ಮಾಲಿನ ಶುದ್ಧತೆ ನಿಂತಿರುವುದೇ ಸ್ಕ್ರಬ್ ಮೇಲೆ. ಎಕ್ಸ್‌ಟ್ರಾಕ್ಷನ್ ಹಂತ ಹೆಚ್ಚಿಸಿದರೆ ರಾಫಿನೇಟ್ ಶುದ್ಧವಾಗುತ್ತದೆ, ಸ್ಕ್ರಬ್ ಹಂತ ಹೆಚ್ಚಿಸಿದರೆ ಎಕ್ಸ್‌ಟ್ರಾಕ್ಟ್ ಶುದ್ಧವಾಗುತ್ತದೆ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

## ಕೈ ಹಾಕಿದ ಮೇಲೆ ಬರುವ ಪ್ರಶ್ನೆಗಳು

ಯಾವ ಲೋಹಕ್ಕೆ ಯಾವ ಕೆಮಿಕಲ್? ನೇರವಾಗಿ ಹೇಳಿ.

ಅಕ್ಕಪಕ್ಕದ ರೇರ್ ಅರ್ತ್‌ಗಳಿಗೆ ಡಿ2ಇಎಚ್‌ಪಿಎ ಅಥವಾ ಪಿಸಿ-88ಎ. ಎರಡನೆಯದನ್ನೇ ಚೀನಾದಲ್ಲಿ ಪಿ507 ಅನ್ನುತ್ತಾರೆ. ಡಿ2ಇಎಚ್‌ಪಿಎ ಭಾರದ ರೇರ್ ಅರ್ತ್‌ಗಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂದರೆ ಬಿಡಿಸಲು ತುಂಬಾ ಗಟ್ಟಿ ಆಮ್ಲ ಬೇಕು, ಪಿಸಿ-88ಎ ಅಷ್ಟು ಹಟ ಮಾಡುವುದಿಲ್ಲ. ಕೋಬಾಲ್ಟ್ ನಿಕ್ಕಲ್‌ಗೆ ಸೈಯಾನೆಕ್ಸ್ 272. ನೈಟ್ರಿಕ್ ಆಮ್ಲದಲ್ಲಿರುವ ಯುರೇನಿಯಂ, ಪ್ಲುಟೋನಿಯಂ, ಜಿರ್ಕೋನಿಯಮ್ಮಿಗೆ ಟಿಬಿಪಿ, ಅಂದರೆ ಟ್ರೈಬ್ಯುಟೈಲ್ ಫಾಸ್ಫೇಟ್. ನಿಯೋಬಿಯಂ ಟ್ಯಾಂಟಲಮ್ಮಿಗೆ ಹೈಡ್ರೋಫ್ಲೋರಿಕ್ ಆಮ್ಲದ ಜೊತೆ ಎಂಐಬಿಕೆ, ಅಂದರೆ ಮೀಥೈಲ್ ಐಸೋಬ್ಯುಟೈಲ್ ಕೀಟೋನ್.

ಹಳೇ ಲಿಥಿಯಂ ಬ್ಯಾಟರಿಯಿಂದ ಕೋಬಾಲ್ಟ್, ನಿಕ್ಕಲ್ ಬೇರೆ ಮಾಡ್ಬೇಕು. ಅವೂ ಅವಳಿಗಳೇ ಅಲ್ವಾ?

ಹೌದು, ಅಕ್ಕಪಕ್ಕದ ಮನೆಯವು, ಗಾತ್ರವೂ ಹತ್ತಿರ ಹತ್ತಿರ. ಆದರೆ ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಆರ್ಗ್ಯಾನಿಕ್ ಒಳಗೆ ಕೋಬಾಲ್ಟ್ ನಾಲ್ಕು ಕೈಗಳ ಚತುರ್ಮುಖಿ ಆಕಾರಕ್ಕೆ ಸುಲಭವಾಗಿ ಬದಲಾಗುತ್ತದೆ. ನಿಕ್ಕಲ್ ಆರು ಕೈಗಳ ಆಕಾರ ಬಿಟ್ಟು ಬರಲು ಒಪ್ಪುವುದಿಲ್ಲ, ಜೊತೆಗೆ ನೀರಿನ ಅಣುಗಳನ್ನೂ ಹಿಡಿದುಕೊಂಡಿರುತ್ತದೆ. ಗಾತ್ರದ ವ್ಯತ್ಯಾಸ ಕೈಕೊಟ್ಟಲ್ಲಿ ಆಕಾರದ ವ್ಯತ್ಯಾಸ ಕೆಲಸ ಮಾಡುತ್ತದೆ. ಪಿಎಚ್ 4, 25 ಡಿಗ್ರಿಯಲ್ಲಿ ಬೀಟಾ ಹೀಗಿರುತ್ತದೆ: ಡಿ2ಇಎಚ್‌ಪಿಎಗೆ 14, ಪಿಸಿ-88ಎಗೆ 280, ಸೈಯಾನೆಕ್ಸ್ 272ಕ್ಕೆ 7000. ಅಣುವಿನಲ್ಲಿ ರಂಜಕದ ಸುತ್ತ ಇರುವ ಆಮ್ಲಜನಕ ಒಂದೊಂದೇ ಕಡಿಮೆಯಾಗುತ್ತಾ ಹೋದಂತೆ ಈ ಏರಿಕೆ. ಬಿಸಿ ಮಾಡಿದರೆ ಬೀಟಾ ಇನ್ನೂ ಏರುತ್ತದೆ.

ಇದನ್ನು ಕಣ್ಣಲ್ಲೇ ನೋಡಬಹುದು. ಕೆಳಗಿನ ನೀರಿನಲ್ಲಿ ನಿಕ್ಕಲ್ ಹಸಿರಾಗಿ ಉಳಿಯುತ್ತದೆ, ಮೇಲಿನ ಆರ್ಗ್ಯಾನಿಕ್ ಕೋಬಾಲ್ಟಿನಿಂದ ಗಾಢ ನೀಲಿಯಾಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ಪ್ರಯೋಗ ನನಗೆ ಗೊತ್ತಿಲ್ಲ.

ಬ್ಯಾಟರಿಯ ಕಪ್ಪು ಪುಡಿಯನ್ನು ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕರಗಿಸಿದ ಮೇಲೆ ನೇರವಾಗಿ ಇಲ್ಲಿಗೆ ತರಬೇಡಿ. ಮೊದಲು ಕಬ್ಬಿಣ, ಅಲ್ಯೂಮಿನಿಯಂ ಪಿಎಚ್ ಏರಿಸಿ ಕೆಳಗೆ ಕೂರಿಸಿ, ತಾಮ್ರ ತೆಗೆಯಿರಿ, ಮ್ಯಾಂಗನೀಸನ್ನು ಡಿ2ಇಎಚ್‌ಪಿಎಯಿಂದ ತೆಗೆಯಿರಿ. ಆಮೇಲೆ ಕೋಬಾಲ್ಟ್. ಲಿಥಿಯಂ ಕೊನೆವರೆಗೂ ನೀರಿನಲ್ಲೇ ಇರುತ್ತದೆ, ಸೋಡಾ ಆ್ಯಶ್ ಹಾಕಿ ಕಾರ್ಬೋನೇಟಾಗಿ ಹೊರಗೆ ತರಬಹುದು.

ಬೋರ್‌ವೆಲ್ ನೀರಲ್ಲಿ ಮಾಡಿದ್ರೆ ಏನಾಗುತ್ತೆ? ಕಾವೇರಿ ನೀರು ನಮ್ಮ ಕಡೆ ಸಿಗಲ್ಲ.

ಬೆಂಗಳೂರಿನ ಬೋರ್‌ವೆಲ್ ನೀರು ಗಡಸು ನೀರು, ಕ್ಯಾಲ್ಸಿಯಂ ಇರುತ್ತದೆ. ಡಿ2ಇಎಚ್‌ಪಿಎ ಕ್ಯಾಲ್ಸಿಯಮ್ಮನ್ನು ಕೋಬಾಲ್ಟಿಗಿಂತ ಮೊದಲು ಎತ್ತಿಕೊಳ್ಳುತ್ತದೆ. ನೀವು ಸಲ್ಫ್ಯೂರಿಕ್ ಆಮ್ಲದಿಂದ ಸ್ಟ್ರಿಪ್ ಮಾಡಿದ ಕೂಡಲೇ ಅದು ಜಿಪ್ಸಮ್ ಆಗಿ ಪೈಪಿನಲ್ಲಿ, ಪೆಟ್ಟಿಗೆಯ ಮೂಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆರ್‌ಒ ನೀರೋ ಡಿಮಿನರಲೈಸ್ಡ್ ನೀರೋ ಬಳಸಿ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ರೇಷನ್ ಸೀಮೆಎಣ್ಣೆ ಆಗುತ್ತಾ?

ಬೇಡ. ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ, ಅದು ಇರುವುದು ಒಲೆಗೆ, ದೀಪಕ್ಕೆ, ಕಾರ್ಖಾನೆಗೆ ಬಳಸುವುದು ಕಾನೂನಿಗೂ ವಿರುದ್ಧ. ಅದರ ಘಟಕಗಳೂ ಬ್ಯಾಚಿನಿಂದ ಬ್ಯಾಚಿಗೆ ಒಂದೇ ಇರುವುದಿಲ್ಲ. ಇದಕ್ಕೆಂದೇ ತಯಾರಾದ, ಹೊತ್ತಿಕೊಳ್ಳುವ ಉಷ್ಣತೆ ಹೆಚ್ಚಿರುವ ಡೈಲ್ಯೂಯೆಂಟ್, ಅಂದರೆ ತೆಳುಗೊಳಿಸುವ ದ್ರವ, ಸಿಗುತ್ತದೆ.

ಪದರ ಬೇರೆ ಆಗ್ತಾನೇ ಇಲ್ಲ. ನಡುವೆ ಕೆಸರು ಥರ ಏನೋ ನಿಂತಿದೆ. ಏನ್ಮಾಡ್ಲಿ?

ಮೊದಲು ಅದು ಯಾವುದು ಎಂದು ಗುರುತಿಸಿ. ಬೇರೆ ಬೇರೆ ಕಾಯಿಲೆಗಳು ಹೊರಗಿಂದ ಒಂದೇ ಥರ ಕಾಣುತ್ತವೆ.

ಬೆಣ್ಣೆ ಕಡೆದಂತೆ ಬಿಳಿಚಿಕೊಂಡು ಇಡೀ ದ್ರವ ಒಂದೇ ಆಗಿದ್ದರೆ ಅದು ಎಮಲ್ಶನ್. ಹೆಚ್ಚಿನ ಸಲ ಕಲಕುವ ವೇಗ ಜಾಸ್ತಿ ಆಗಿರುತ್ತದೆ. ವೇಗ ಇಳಿಸಿ. ಡಿಸೆಂಬರ್ ಜನವರಿಯ ಬೆಳಗ್ಗೆ ನಮ್ಮೂರಿನಲ್ಲಿ 15 ಡಿಗ್ರಿ ಹತ್ತಿರ ಇರುತ್ತದಲ್ಲ, ಆರ್ಗ್ಯಾನಿಕ್ ಗಟ್ಟಿಯಾಗಿ ಪದರ ಒಡೆಯುವುದು ನಿಧಾನವಾಗುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ.

ಎರಡು ಪದರ ಬಂದು ನಡುವೆ ಮಾತ್ರ ಕೊಳೆಯಂಥದ್ದು ತೇಲುತ್ತಿದ್ದರೆ ಅದಕ್ಕೆ ಕ್ರಡ್ ಅನ್ನುತ್ತಾರೆ. ನುಣ್ಣನೆಯ ಘನ ಕಣ, ಸಿಲಿಕಾ, ಕೂರಿಸಿದ ಕಬ್ಬಿಣದ ಚೂರು ಇವೆಲ್ಲ ಅಲ್ಲಿ ಬಂದು ಸೇರುತ್ತವೆ. ಕ್ರಡ್ ತೆಗೆದು ಹಾಕಿದರೆ ನಾಳೆ ಮತ್ತೆ ಬರುತ್ತದೆ. ಒಳಗೆ ಬರುವ ದ್ರಾವಣವನ್ನು ಸರಿಯಾಗಿ ಫಿಲ್ಟರ್ ಮಾಡುವುದೇ ಮದ್ದು.

ಸ್ವಚ್ಛವಾಗಿ ಮೂರು ದ್ರವ ಪದರ ಕಂಡರೆ ಅದು ಮೂರನೇ ಫೇಸ್. ಲೋಹ ತುಂಬಿಕೊಂಡ ಎಕ್ಸ್‌ಟ್ರಾಕ್ಟಂಟ್ ಡೈಲ್ಯೂಯೆಂಟಿನಲ್ಲಿ ಕರಗದೆ ಬೇರೆಯಾಗಿದೆ ಎಂದರ್ಥ. ಟಿಬಿಪಿ ಅಥವಾ ಉದ್ದ ಸರಪಳಿಯ ಆಲ್ಕೊಹಾಲ್ ಸ್ವಲ್ಪ ಬೆರೆಸಿದರೆ ಹೋಗುತ್ತದೆ. ಅಥವಾ ಅಷ್ಟೊಂದು ತುಂಬಿಸುವುದನ್ನು ಬಿಡಬೇಕು.

ಮನೆ ಟೆರೇಸ್ ಮೇಲೆ ಸಣ್ಣದಾಗಿ ಮಾಡಬಹುದಾ?

ದಯವಿಟ್ಟು ಬೇಡ. ನೂರಾರು ಲೀಟರ್ ಎಣ್ಣೆಯ ವಿಷಯ ಇದು. ಪ್ಲಾಸ್ಟಿಕ್ ಪೈಪಿನಲ್ಲಿ ಆರ್ಗ್ಯಾನಿಕ್ ಜೋರಾಗಿ ಹರಿದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಒಂದು ಕಿಡಿ ಸಾಕು. ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ಎಂಬ ದೊಡ್ಡ ಗಣಿಯ ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಪ್ಲಾಂಟಿಗೆ 1999ರಲ್ಲಿ ಒಂದು ಸಲ, 2001ರಲ್ಲಿ ಮತ್ತೊಂದು ಸಲ ಬೆಂಕಿ ಬಿತ್ತು. ಅಷ್ಟು ಅನುಭವ ಇದ್ದವರಿಗೇ ಹೀಗಾಗಿದೆ. ಡಿ2ಇಎಚ್‌ಪಿಎ ಚರ್ಮ, ಕಣ್ಣು ಸುಡುತ್ತದೆ. ಟಿಬಿಪಿ ಮತ್ತು ನೈಟ್ರಿಕ್ ಆಮ್ಲ ಜೊತೆಯಲ್ಲಿ 130 ಡಿಗ್ರಿ ದಾಟಿದರೆ ಸ್ಫೋಟವೇ ಆಗಬಹುದು, 1993ರಲ್ಲಿ ರಷ್ಯಾದ ಟಾಮ್ಸ್ಕ್-7ರಲ್ಲಿ ಇಂಥ ಸ್ಫೋಟ ಆಗಿತ್ತು.

ಹಳೇ ಬ್ಯಾಟರಿ, ಇ-ತ್ಯಾಜ್ಯದ ಕೆಲಸಕ್ಕೆ 2022ರ ನಿಯಮಗಳಿವೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕಲಿಯಬೇಕು ಎಂಬ ಆಸೆಯಿದ್ದರೆ ಕಾಲೇಜಿನ ಲ್ಯಾಬಿನಲ್ಲಿ, ಫ್ಯೂಮ್ ಹುಡ್ಡಿನ ಕೆಳಗೆ, ಸೆಪರೇಟಿಂಗ್ ಫನಲ್ಲಿನಲ್ಲಿ 50 ಮಿಲಿಯಲ್ಲೇ ಇಡೀ ಪಾಠ ಕಲಿಯಬಹುದು.

ಹೊರಗೆ ಬರೋ ಗಲೀಜು ನೀರು ಏನ್ಮಾಡೋದು?

ಸಪೋನಿಫಿಕೇಶನ್ನಿನ ಬೆಲೆ ಇದು. ಪ್ರತಿ ಮೋಲ್ ರೇರ್ ಅರ್ತ್‌ಗೆ ಮೂರು ಮೋಲ್ ಉಪ್ಪು ಹೊರಬರುತ್ತದೆ, ಅಮೋನಿಯಂ ಕ್ಲೋರೈಡೋ ಸೋಡಿಯಂ ಕ್ಲೋರೈಡೋ. ಲೋಹ ತೆಗೆದ ನೀರು ಶುದ್ಧ ನೀರಲ್ಲ, ಅದು ಉಪ್ಪುನೀರು, ಜೊತೆಗೆ ಒಂದಿಷ್ಟು ಆರ್ಗ್ಯಾನಿಕ್ ಕೂಡ ಹನಿಹನಿಯಾಗಿ ಸೇರಿರುತ್ತದೆ. ಮೊದಲು ಆ ಎಣ್ಣೆ ಹಿಡಿಯಿರಿ, ಆಮೇಲೆ ಇವ್ಯಾಪೊರೇಟರಿನಲ್ಲಿ ಆವಿ ಮಾಡಿ ಉಪ್ಪು ತೆಗೆಯಿರಿ. ಪೀಣ್ಯದ ಚರಂಡಿಗೆ ಬಿಟ್ಟದ್ದು ವೃಷಭಾವತಿಗೆ ಸೇರುತ್ತದೆ, ಅಲ್ಲಿಂದ ಬೈರಮಂಗಲದ ಕೆರೆಗೆ, ಅಲ್ಲಿಂದ ರೈತರ ಹೊಲಕ್ಕೆ. ಈ ಖರ್ಚನ್ನು ಮೊದಲ ದಿನವೇ ಲೆಕ್ಕದಲ್ಲಿ ಸೇರಿಸದೆ ಲಾಭ ಎಷ್ಟು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

## ಸ್ವಲ್ಪ ಮುಂದುವರಿದವರಿಗೆ

ಜಿರ್ಕೋನಿಯಂ ಹಾಫ್ನಿಯಮ್ಮಿನಲ್ಲಿ ಮೇಲಕ್ಕೆ ಹೋಗೋದು ಯಾವುದು? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.

ಎರಡೂ ಸರಿ. ನೈಟ್ರಿಕ್ ಆಮ್ಲದಲ್ಲಿ ಟಿಬಿಪಿ ಬಳಸಿದರೆ ಜಿರ್ಕೋನಿಯಂ ಆರ್ಗ್ಯಾನಿಕ್ಕಿಗೆ ಹೋಗುತ್ತದೆ, ಹಾಫ್ನಿಯಂ ರಾಫಿನೇಟಿನಲ್ಲಿ ಉಳಿಯುತ್ತದೆ. ಹೈದರಾಬಾದಿನದು ಈ ದಾರಿ. ಅಮೆರಿಕದಲ್ಲಿ ಬೆಳೆದ ಇನ್ನೊಂದು ದಾರಿಯಲ್ಲಿ ಥಯೋಸಯನೇಟ್ ಸೇರಿಸಿ ಎಂಐಬಿಕೆಯಿಂದ ಎಳೆಯುತ್ತಾರೆ, ಅಲ್ಲಿ ಹಾಫ್ನಿಯಂ ಮೇಲಕ್ಕೆ ಹೋಗುತ್ತದೆ. ಕಮ್ಮಿ ಇರುವ ಲೋಹವನ್ನು ಮೇಲೆ ಎತ್ತಿದರೆ ಆರ್ಗ್ಯಾನಿಕ್ ಕಮ್ಮಿ ಸಾಕು, ಅದು ಎರಡನೆಯದರ ಲಾಭ. ಆದರೆ ಥಯೋಸಯನೇಟಿನ ತ್ಯಾಜ್ಯ ದೊಡ್ಡ ತಲೆನೋವು.

ಇಟ್ರಿಯಂ ಲ್ಯಾಂಥನೈಡೇ ಅಲ್ಲ, ಅದನ್ನ ಯಾಕೆ ಬೇರೆ ಮಾಡೋಕೆ ಕಷ್ಟ?

ಗಾತ್ರ. ಅದರ ಅಯಾನು ಹೋಲ್ಮಿಯಂ, ಎರ್ಬಿಯಂ ನಡುವೆ ಬಂದು ಕೂರುತ್ತದೆ, ಡಿ2ಇಎಚ್‌ಪಿಎಗೆ ಅಲ್ಲಿಂದ ಅದನ್ನು ಕೀಳುವುದು ಕಷ್ಟ. ಇಲ್ಲಿ ಒಂದು ಸೊಗಸಾದ ಉಪಾಯ ಇದೆ. ನ್ಯಾಫ್ತೆನಿಕ್ ಆಮ್ಲ ಬಳಸಿದರೆ ಇಟ್ರಿಯಂ ತನ್ನ ಜಾಗ ಬಿಟ್ಟು ಹಗುರ ಲೋಹಗಳ ಕಡೆ ಸರಿಯುತ್ತದೆ. ಹಾಗಾಗಿ ಒಂದು ಎಕ್ಸ್‌ಟ್ರಾಕ್ಟಂಟಿನಲ್ಲಿ ಗುಂಪಿನಿಂದ ಹೊರಬರದಿದ್ದರೆ ಇನ್ನೊಂದರಲ್ಲಿ ಅದರ ಜಾಗ ಎಲ್ಲಿದೆ ಎಂದು ನೋಡಿ. ಹಂತ ಹೆಚ್ಚಿಸುವ ಮೊದಲು ಇದನ್ನು ಪ್ರಯತ್ನಿಸಬೇಕು.

ಹಂತಗಳನ್ನ ತಪ್ಪಿಸೋಕೆ ಶಾರ್ಟ್‌ಕಟ್ ಇಲ್ವಾ?

ಕೆಲವಕ್ಕೆ ಇದೆ. ಲೋಹದ ಆವೇಶ ಬದಲಾಯಿಸಲು ಆದರೆ ಅದು ಅವಳಿಯಾಗಿ ಉಳಿಯುವುದಿಲ್ಲ. ಸೀರಿಯಮ್ಮನ್ನು ಗಾಳಿಯಲ್ಲಿ ಕಾಯಿಸಿ +4 ಮಾಡಿದರೆ ತೆಳು ಆಮ್ಲದಲ್ಲಿ ಉಳಿದವು ಕರಗಿ ಅದು ಹಾಗೇ ಕೂರುತ್ತದೆ. ಯುರೋಪಿಯಮ್ಮನ್ನು ಸತುವಿನಿಂದ +2ಕ್ಕೆ ಇಳಿಸಿದರೆ ಸಲ್ಫೇಟಾಗಿ ಕೆಳಗೆ ಬೀಳುತ್ತದೆ. ಟಿಬಿಪಿಯಲ್ಲಿ ಯುರೇನಿಯಂ ಜೊತೆ ಹೋದ ಪ್ಲುಟೋನಿಯಮ್ಮನ್ನು +3 ಮಾಡಿದ ಕೂಡಲೇ ಅದು ನೀರಿಗೆ ಇಳಿಯುತ್ತದೆ, 1960ರ ದಶಕದಲ್ಲಿ ಟ್ರಾಂಬೆಯಲ್ಲಿ ಶುರುವಾದ ಪ್ಲಾಂಟ್ ನಡೆದದ್ದು ಈ ತತ್ವದ ಮೇಲೆ. ನಿಯೋಡಿಮಿಯಂ ಪ್ರೆಸಿಯೋಡಿಮಿಯಮ್ಮಿಗೆ ನೀರಿನ ದ್ರಾವಣದಲ್ಲಿ ಈ ದಾರಿ ಇಲ್ಲ, ಅಲ್ಲಿ ಹಂತಗಳೇ ಗತಿ.

ಪ್ಲಾಂಟ್ ಶುರು ಮಾಡಿ ವಾರ ಆಯ್ತು, ಇನ್ನೂ ಮಾಲು ಶುದ್ಧ ಬರ್ತಿಲ್ಲ. ಎಲ್ಲಿ ತಪ್ಪಾಗಿದೆ?

ತಪ್ಪಾಗಿಲ್ಲದೆಯೂ ಇರಬಹುದು. ಬೀಟಾ ಚಿಕ್ಕದಿದ್ದು ಹಂತಗಳು ಹತ್ತಾರು ಇದ್ದರೆ ಪೆಟ್ಟಿಗೆಗಳೊಳಗೆ ಲೋಹದ ಹಂಚಿಕೆ ತನ್ನ ಸ್ಥಾನಕ್ಕೆ ಬರಲು ವಾರಗಳು, ಕೆಲವು ಸಲ ತಿಂಗಳುಗಳು ಬೇಕು. ಈ ಹೊತ್ತಿನಲ್ಲಿ ದಿನಕ್ಕೊಂದು ತಿರುಗಣೆ ತಿರುಗಿಸಿದರೆ ಅದು ಎಂದೂ ನೆಲೆಗೆ ಬರುವುದಿಲ್ಲ. ಪ್ರತಿ ಹಂತದಿಂದ ಎರಡೂ ಪದರದ ಸ್ಯಾಂಪಲ್ ತೆಗೆದು ಗ್ರಾಫ್ ಹಾಕಿ. ಗ್ರಾಫಿನ ಆಕಾರ ದಿನದಿಂದ ದಿನಕ್ಕೆ ಸರಿ ದಿಕ್ಕಿನಲ್ಲಿ ಸರಿಯುತ್ತಿದ್ದರೆ ಕೈ ಕಟ್ಟಿ ಕಾಯಿರಿ. ಎಲ್ಲೋ ಒಂದು ಕಡೆ ಹಲವು ಹಂತ ಏನೂ ಬದಲಾಗದೆ ಸಪಾಟಾಗಿದ್ದರೆ ಅಲ್ಲಿ ಹರಿವಿನ ಅನುಪಾತ ತಪ್ಪಿದೆ. ಒಂದೇ ಹಂತದಲ್ಲಿ ಹಿಂದಕ್ಕೆ ಜಿಗಿತ ಕಂಡರೆ ಆ ಪೆಟ್ಟಿಗೆಯಲ್ಲಿ ಪದರ ಸರಿಯಾಗಿ ಬೇರೆಯಾಗದೆ ಒಂದು ಇನ್ನೊಂದರ ಜೊತೆ ಹೋಗುತ್ತಿದೆ.

ನಮ್ಮ ಕರಾವಳಿ ಮರಳಲ್ಲಿ ರೇರ್ ಅರ್ತ್ ಇರೋ ಮೊನಜೈಟ್ ಖನಿಜ ಇದೆ ಅಂತಾರೆ. ಹಾಗಿದ್ರೂ ಮ್ಯಾಗ್ನೆಟ್‌ಗೆ ಚೀನಾ ಕಡೆ ಯಾಕೆ ನೋಡ್ತೀವಿ?

ಮರಳು ಇರುವುದು ನಿಜ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಐಆರ್‌ಇಎಲ್ ಕೆಲಸ ಮಾಡುತ್ತಿದೆ. ಆ ಸಂಸ್ಥೆ ಶುರುವಾದದ್ದು 1950ರಲ್ಲಿ, ಅಂದರೆ ನಾವು ಈ ಕ್ಷೇತ್ರಕ್ಕೆ ಹೊಸಬರಲ್ಲ. ಆದರೆ ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಪರಮಾಣು ಇಲಾಖೆಯ ಕಟ್ಟುನಿಟ್ಟಿನಲ್ಲಿದೆ. ಅದರಲ್ಲಿ ಹಗುರ ರೇರ್ ಅರ್ತ್‌ಗಳೇ ಜಾಸ್ತಿ. ಬಿಸಿಯಲ್ಲೂ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳದಂತೆ ಮಾಡುವ ಡಿಸ್ಪ್ರೋಸಿಯಂ, ಟರ್ಬಿಯಂ ತೀರಾ ಕಮ್ಮಿ. ಕಮ್ಮಿ ಇದ್ದಷ್ಟೂ ಅವನ್ನು ಹೊರತೆಗೆಯಲು ಹಂತ ಜಾಸ್ತಿ, ಖರ್ಚು ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ತ್‌ಗಳ ಮತ್ತು ಅವುಗಳ ಮ್ಯಾಗ್ನೆಟ್ಟುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಆ ಪಟ್ಟಿಯಲ್ಲಿ ಈ ಎರಡೂ ಇದ್ದವು. ಬೆಂಗಳೂರಿನ ಸ್ಕೂಟರ್ ಇಂಜಿನಿಯರುಗಳು ನನಗೆ ಪ್ರಶ್ನೆ ಕಳಿಸಲು ಶುರು ಮಾಡಿದ್ದು ಆಮೇಲೆಯೇ. ಬೇರ್ಪಡಿಸಿದ ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಅದರಿಂದ ಮ್ಯಾಗ್ನೆಟ್, ಈ ಮುಂದಿನ ಕೊಂಡಿಗಳನ್ನೂ ನಾವು ದೊಡ್ಡ ಪ್ರಮಾಣದಲ್ಲಿ ಕಟ್ಟಬೇಕಾಗಿದೆ.

ಪ್ರೋಟೀನ್ ಬಳಸಿ ಬೇರೆ ಮಾಡ್ತಾರಂತೆ, ಅದು ಬಂದ್ರೆ ಇದೆಲ್ಲ ಹೋಗುತ್ತಾ?

ನೀವು ಕೇಳಿರುವುದು ಲ್ಯಾನ್‌ಮಾಡ್ಯುಲಿನ್ ಬಗ್ಗೆ. 2018ರಲ್ಲಿ ಒಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಪ್ರೋಟೀನ್ ಅದು, ರೇರ್ ಅರ್ತ್‌ಗಳನ್ನು ಬೇರೆ ಲೋಹಗಳ ನಡುವೆ ಹುಡುಕಿ ಹಿಡಿಯುತ್ತದೆ. 2023ರಲ್ಲಿ ಅದರ ಇನ್ನೊಂದು ಬಗೆಯಿಂದ ನಿಯೋಡಿಮಿಯಂ ಡಿಸ್ಪ್ರೋಸಿಯಮ್ಮನ್ನು ಸೀಮೆಎಣ್ಣೆ ಇಲ್ಲದೆ, ನೀರಿನಲ್ಲೇ ಬೇರೆ ಮಾಡಿ ತೋರಿಸಿದರು. ಓದಿದಾಗ ನನಗೆ ತುಂಬಾ ಖುಷಿಯಾಯಿತು. ಆದರೆ ನಿಯೋಡಿಮಿಯಂ ಡಿಸ್ಪ್ರೋಸಿಯಂ ಅಕ್ಕಪಕ್ಕದವಲ್ಲ, ನಡುವೆ ಐದು ಧಾತುಗಳಿವೆ. ಒಂದೇ ಹೆಜ್ಜೆ ಅಂತರದ ಜೋಡಿಗಳಿಗೆ, ಟನ್ನುಗಟ್ಟಲೆ ಮಾಲಿಗೆ, ಇವತ್ತು ಕೆಲಸ ಮಾಡುತ್ತಿರುವುದು ಮಿಕ್ಸರ್ ಸೆಟ್ಲರ್ ಸಾಲುಗಳೇ, ಅಂದರೆ ಕಲಕಿ ಪದರ ಬೇರೆ ಮಾಡುವ ಆ ಪೆಟ್ಟಿಗೆಗಳ ಸಾಲುಗಳೇ. ಎಂಎಸ್ಸಿ ಮುಗಿಸಿ ಯಾವ ವಿಷಯ ಹಿಡಿಯಲಿ ಎಂದು ಕೇಳುವವರಿಗೆ ನಾನು ಹೇಳುವುದು, ಪ್ರೋಟೀನನ್ನೂ ಓದಿ, ಆದರೆ ಹಂತಗಳ ಲೆಕ್ಕವನ್ನು ಕೈಯಲ್ಲಿ ಬರೆದು ಕಲಿಯಿರಿ. ಹೊಸ ವಸ್ತು ಯಾವುದೇ ಬರಲಿ, ಅದರ ಬೀಟಾ ಎಷ್ಟು, ಎಷ್ಟು ಸಲ ತೊಳೆಯಬೇಕು ಎಂಬ ಪ್ರಶ್ನೆ ಅದಕ್ಕೂ ಇದ್ದೇ ಇರುತ್ತದೆ.